ಅಪ್ಪನ ಆಸ್ತಿಗೆ ತೆರಿಗೆ ಇಲ್ಲ, ಸರಿ. ಅಪ್ಪನ ಲೆಕ್ಕ ಮುಗಿಸೋದು ಹೇಗೆ?

ಸಂಪಾದಕರೇ,

ಉತ್ತರಾಧಿಕಾರ ತೆರಿಗೆ ಬೇಕೋ ಬೇಡವೋ ಅನ್ನೋ ಜಗಳ ನಮ್ಮಲ್ಲಿ ಆಗಾಗ ಎದ್ದು ತಣ್ಣಗಾಗುತ್ತದೆ. 2024ರ ಏಪ್ರಿಲ್‌ನಲ್ಲಿ, ಚುನಾವಣೆ ನಡುವೆ, ಕಾಂಗ್ರೆಸ್ಸಿನ ಸ್ಯಾಮ್ ಪಿತ್ರೋಡಾ ಅಮೆರಿಕದ ಇಂಥ ತೆರಿಗೆಯ ಮಾತೆತ್ತಿದ ಮೇಲಂತೂ ಬೆಂಗಳೂರಿನ ದರ್ಶಿನಿಗಳಲ್ಲಿ ಕಾಫಿ ಜೊತೆ ಇದೇ ಚರ್ಚೆ. ಬೇಕು ಅನ್ನುವವರೂ ಬೇಡ ಅನ್ನುವವರೂ ಒಂದು ವಿಷಯ ಬಿಟ್ಟೇ ಮಾತಾಡುತ್ತಾರೆ. ಆಸ್ತಿ ಮೇಲೆ ತೆರಿಗೆ ಇಲ್ಲದಿದ್ದರೂ ತೀರಿಕೊಂಡವರ ಆದಾಯದ ಲೆಕ್ಕ ಇದ್ದೇ ಇರುತ್ತದೆ. ಅದನ್ನು ಮುಗಿಸುವ ಕೆಲಸ ಮನೆಯವರ ಮೇಲೆ ಬೀಳುತ್ತದೆ. ಹೇಗೆ ಅಂತ ಒಂದು ಕಡೆ ಕೂರಿಸಿ ಹೇಳುವವರು ಯಾರೂ ಇಲ್ಲ. ಅಪ್ಪ ತಮ್ಮ ಉಯಿಲಿನಲ್ಲಿ ನನ್ನನ್ನು ಎಕ್ಸಿಕ್ಯೂಟರ್ (ಉಯಿಲಿನಂತೆ ಆಸ್ತಿ ಹಂಚುವ ಹೊಣೆ ಹೊತ್ತವನು) ಮಾಡಿದ್ದರು, ಹಾಗಾಗಿ ಇಷ್ಟು ಬರೆಯುವ ಹಕ್ಕಿದೆ ಅಂದುಕೊಂಡಿದ್ದೇನೆ.

ನಮ್ಮಲ್ಲೂ ಈ ತೆರಿಗೆ ಇತ್ತು. 1953ರಲ್ಲಿ ಎಸ್ಟೇಟ್ ಡ್ಯೂಟಿ ಅಂತ ಬಂತು, ಒಂದು ಕಾಲಕ್ಕೆ ದೊಡ್ಡ ಆಸ್ತಿಗಳ ಮೇಲೆ ಶೇ 85ರವರೆಗೂ ಹೋಗಿತ್ತು. 1985ರಲ್ಲಿ ವಿ.ಪಿ. ಸಿಂಗ್ ಹಣಕಾಸು ಸಚಿವರಾಗಿದ್ದಾಗ ತೆಗೆದುಹಾಕಿದರು. ಬರುತ್ತಿದ್ದ ದುಡ್ಡು ಕಡಿಮೆ, ತಕರಾರು ಜಾಸ್ತಿ. ಅಲ್ಲಿಂದೀಚೆಗೆ ಉಯಿಲಿನಿಂದ ಬಂದ ಆಸ್ತಿಗಾಗಲಿ, ವಾರಸುದಾರಿಕೆಯಿಂದ ಬಂದ ಹಣಕ್ಕಾಗಲಿ ಪಡೆದವರು ಆದಾಯ ತೆರಿಗೆ ಕಟ್ಟಬೇಕಿಲ್ಲ. ಇದು ಎಲ್ಲರಿಗೂ ಗೊತ್ತು. ಗೊತ್ತಿರೋದು ಇಷ್ಟೇ ಅನ್ನೋದೇ ತೊಂದರೆ.

ಅಪ್ಪ ಅಮ್ಮ ತೀರಿಕೊಂಡ ವರ್ಷದ ರಿಟರ್ನ್ ಯಾರು ಹಾಕಬೇಕು? ಏಪ್ರಿಲ್ 1ರಿಂದ ಅವರು ತೀರಿಕೊಂಡ ದಿನದವರೆಗಿನ ಪಿಂಚಣಿ, ಬಡ್ಡಿ, ಬಾಡಿಗೆ ಎಲ್ಲಾ ಅವರದೇ ಆದಾಯ, ಅವರದೇ ಪ್ಯಾನ್‌ನಲ್ಲಿ ಲೆಕ್ಕ. ಹಾಕಬೇಕಾದವರು ಎಕ್ಸಿಕ್ಯೂಟರ್ ಅಥವಾ ವಾರಸುದಾರರು. ಅದಕ್ಕೆ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ನಮ್ಮ ಲಾಗಿನ್‌ನಿಂದಲೇ ಅವರ ಪ್ರತಿನಿಧಿ ಅಂತ ನೋಂದಾಯಿಸಿಕೊಳ್ಳಬೇಕು. ಮರಣ ಪ್ರಮಾಣಪತ್ರ, ಇಬ್ಬರ ಪ್ಯಾನ್, ವಾರಸುದಾರರು ಅಂತ ತೋರಿಸುವ ಒಂದು ಕಾಗದ ಬೇಕು. ನೋಂದಣಿಯಾದ ಉಯಿಲಿದ್ದರೆ ಅದೇ ಸಾಕು. ಕೇಳೋಕೆ ಸುಲಭ, ಮಾಡೋಕೂ ದೊಡ್ಡ ಕಷ್ಟವಿಲ್ಲ, ಆದರೆ ವೈಕುಂಠ ಸಮಾರಾಧನೆ ಮುಗಿದ ಮನೆಯಲ್ಲಿ ಇದು ಯಾರಿಗೆ ಹೊಳೆಯುತ್ತದೆ ಹೇಳಿ. ಇನ್ನೊಂದು ಸಮಾಧಾನ: ವರ್ಷದ ಮಧ್ಯೆ ತೀರಿಕೊಂಡರೂ ಮೂಲ ವಿನಾಯಿತಿ, ಅಂದರೆ ತೆರಿಗೆ ಬೀಳದ ಮೊದಲ ಮೊತ್ತ, ಪೂರ್ತಿ ವರ್ಷದ್ದೇ ಸಿಗುತ್ತದೆ.

ಇಲ್ಲೇ ಜನ ಸಿಕ್ಕಿಬೀಳೋದು. ಮನೆಯವರು ಮೊದಲು ಓಡೋದು ಬ್ಯಾಂಕಿಗೆ, ಖಾತೆ ಮುಚ್ಚಿಸೋಕೆ. ಆಮೇಲೆ ಲೆಕ್ಕ ನೋಡಿದರೆ ಟಿಡಿಎಸ್ (ಹಣ ಕೊಡುವ ಮುಂಚೆಯೇ ಹಿಡಿದುಕೊಳ್ಳುವ ತೆರಿಗೆ) ಜಾಸ್ತಿ ಕಟ್ ಆಗಿದೆ, ರೀಫಂಡ್ ಬರಬೇಕು, ಬರೋಕೆ ಆ ಖಾತೆಯೇ ಇಲ್ಲ. ಪ್ಯಾನ್ ಸರೆಂಡರ್ ಮಾಡುವ ಆತುರವೂ ಹಾಗೇ. ರಿಟರ್ನ್, ರೀಫಂಡ್, ಹಳೆಯ ನೋಟಿಸ್ ಇದ್ದರೆ ಅದಕ್ಕೆ ಉತ್ತರ, ಇಷ್ಟೂ ಆದಮೇಲೆ ಪ್ಯಾನ್ ಕಡೆ ನೋಡಿದರೆ ಸಾಕು.

ತೀರಿಕೊಂಡ ಮಾರನೇ ದಿನದಿಂದ ಬೇರೆ ಲೆಕ್ಕ ಶುರು. ಉಯಿಲಿನ ಪ್ರಕಾರ ಆಸ್ತಿ ಹಂಚಿ ಮುಗಿಯುವ ತನಕ ಬರುವ ಬಾಡಿಗೆ, ಬಡ್ಡಿಯನ್ನು ಎಕ್ಸಿಕ್ಯೂಟರ್ ತನ್ನ ಸಂಬಳದ ಜೊತೆ ಸೇರಿಸದೆ, ಎಸ್ಟೇಟ್ (ತೀರಿಕೊಂಡವರು ಬಿಟ್ಟುಹೋದ ಒಟ್ಟು ಆಸ್ತಿ) ಹೆಸರಲ್ಲಿ ಪ್ರತ್ಯೇಕವಾಗಿ ತೋರಿಸಬೇಕು. ನಮ್ಮ ಬೀದಿಯಲ್ಲಿ ಕೇಳಿ ನೋಡಿ, ಹೀಗೊಂದು ಇದೆ ಅಂತ ಹೇಳುವವರು ಸಿಗೋದು ಕಷ್ಟ. ಹೋದವರ ಬಾಕಿ ತೆರಿಗೆ ಇದ್ದರೆ ನಮ್ಮ ಹೊಣೆ ಅವರು ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಮಾತ್ರ, ನಮ್ಮ ಸ್ವಂತ ದುಡ್ಡಿಗೆ ಕೈಹಾಕುವಂತಿಲ್ಲ. ಆದರೆ ತೆರಿಗೆ ಬಾಕಿ ಇಟ್ಟುಕೊಂಡೇ ಆಸ್ತಿಯನ್ನು ಹಂಚಿಬಿಟ್ಟರೆ, ಹಾಗೆ ಕೈಬಿಟ್ಟ ಆಸ್ತಿಯ ಬೆಲೆಯಷ್ಟು ನಮ್ಮ ಮೈಮೇಲೆ ಬರುತ್ತದೆ. ಹಾಗಾಗಿ ತಮ್ಮ ತಂಗಿಯರು ಬೇಗ ಬೇಗ ಅಂದರೂ ತೆರಿಗೆ ಲೆಕ್ಕ ಚುಕ್ತಾ ಆಗದೆ ಎಕ್ಸಿಕ್ಯೂಟರ್ ಕೈ ಬಿಚ್ಚಬಾರದು. ಮನೆಯಲ್ಲಿ ಒಂದೆರಡು ತಿಂಗಳು ಮುನಿಸು ಇದ್ದರೂ ಪರವಾಗಿಲ್ಲ.

ಬ್ಯಾಂಕಿನ ಕಥೆ ಬೇರೆ. ನಾನು ಹೋದ ಶಾಖೆಯೊಂದರಲ್ಲಿ ಉಯಿಲು ನೋಡಿದ ತಕ್ಷಣ ಕೋರ್ಟಿನಿಂದ ಪ್ರೊಬೇಟ್ (ಉಯಿಲು ಸರಿಯಿದೆ ಅನ್ನುವ ಕೋರ್ಟಿನ ದೃಢೀಕರಣ) ತನ್ನಿ ಅಂದರು. ಪ್ರೊಬೇಟ್ ಕಡ್ಡಾಯ ಅನ್ನೋದು ಮುಂಬೈ, ಚೆನ್ನೈ, ಕೋಲ್ಕತ್ತಗಳ ಹಳೆಯ ವಿಷಯ. ಬೆಂಗಳೂರಿನಲ್ಲಿ ಬರೆದ, ಇಲ್ಲಿನ ಆಸ್ತಿಗೇ ಸಂಬಂಧಿಸಿದ ಹಿಂದೂಗಳ ಉಯಿಲಿಗೆ ಅದು ಕಡ್ಡಾಯ ಆಗಿರಲೇ ಇಲ್ಲ. ಕೌಂಟರಿನಲ್ಲಿ ಕೂತವರಿಗೆ ಇದನ್ನು ಹೇಳಿದರೆ ಮುಖ ನೋಡುತ್ತಾರೆ. ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಹೊಸ ನಿಯಮ ಹೊರಡಿಸಿ, 2026ರ ಮಾರ್ಚ್ 31ರೊಳಗೆ ಜಾರಿ ಮಾಡಿ ಅಂದಿತು. ಕಾಗದ ಎಲ್ಲಾ ಕೈಸೇರಿದ 15 ದಿನದಲ್ಲಿ ಖಾತೆಯ ಹಣ ಇತ್ಯರ್ಥ ಆಗಬೇಕು, ತಡ ಮಾಡಿದರೆ ಬ್ಯಾಂಕೇ ಬಡ್ಡಿ ಸೇರಿಸಿ ಕೊಡಬೇಕು. ಲಾಕರ್ ತಡವಾದರೆ ದಿನಕ್ಕೆ 5,000 ರೂಪಾಯಿ. ಈ ನಿಯಮವನ್ನು ಪ್ರತಿ ಶಾಖೆಯ ಗೋಡೆಗೆ ಕನ್ನಡದಲ್ಲಿ ಅಂಟಿಸಿದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ನಾಮಿನಿ ವಿಷಯದಲ್ಲೂ ಅದೇ ಗೊಂದಲ. ನಾಮಿನಿ ಸಾಮಾನ್ಯವಾಗಿ ಹಣ ಪಡೆಯುವವನು ಅಷ್ಟೇ, ಒಡೆಯ ಅಲ್ಲ. ಸುಪ್ರೀಂ ಕೋರ್ಟ್ ವಿಮೆ ವಿಷಯದಲ್ಲಿ ಇದನ್ನು 1983ರಲ್ಲಿ ಹೇಳಿತು, ಷೇರುಗಳ ವಿಷಯದಲ್ಲಿ 2023ರಲ್ಲಿ ಹೇಳಿತು. ಆದರೂ 'ನಾಮಿನಿ ನಾನೇ, ಹಣ ನಂದೇ' ಅಂತ ಮಾತು ಬಿಟ್ಟ ಅಣ್ಣತಮ್ಮಂದಿರು ಎಷ್ಟು ಮನೆಯಲ್ಲಿಲ್ಲ.

ಇನ್ನು ಮನೆ ಮಾರುವ ಮಾತು. ಸೈಟು ಬಂದಿದ್ದಕ್ಕೆ ತೆರಿಗೆ ಇಲ್ಲ, ಮಾರಿದರೆ ಲಾಭದ ಮೇಲೆ ಇದೆ. ಲಾಭದ ಲೆಕ್ಕಕ್ಕೆ ಅಪ್ಪ ಕೊಟ್ಟ ಬೆಲೆಯೇ ನಮ್ಮ ಬೆಲೆ. 2001ಕ್ಕಿಂತ ಹಿಂದೆ ತಗೊಂಡಿದ್ದರೆ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆ ಹಿಡಿಯಬಹುದು, ಅಂದಿನ ಸರ್ಕಾರಿ ಮಾರ್ಗಸೂಚಿ ದರ ಮೀರದ ಹಾಗೆ. 2024ರ ಜುಲೈ 23ಕ್ಕೆ ಮುಂಚೆ ತಗೊಂಡ ಆಸ್ತಿಯಾದರೆ ಇಲ್ಲಿ ವಾಸವಿರುವವರಿಗೆ ಎರಡು ದಾರಿ: ಬೆಲೆ ಏರಿಕೆ ಲೆಕ್ಕ ಹಿಡಿದು ಶೇ 20, ಅಥವಾ ಹಿಡಿಯದೆ ಶೇ 12.5. ಒಂದು ಉದಾಹರಣೆ ನೋಡಿ. 2025-26ರ ಬೆಲೆ ಏರಿಕೆ ಸೂಚ್ಯಂಕ 376, 2001-02ರದ್ದು 100, ಅಂದರೆ 2001ರ ಬೆಲೆಯನ್ನು 3.76 ಪಟ್ಟು ಹಿಡಿಯಬಹುದು. ಹಳೆಯ ಸೈಟು 1 ಕೋಟಿಗೆ ಹೋಯಿತು ಅಂತಿಟ್ಟುಕೊಳ್ಳಿ. 2001ರ ಬೆಲೆ 10 ಲಕ್ಷ ಆದರೆ ಮೊದಲ ದಾರಿಯಲ್ಲಿ ತೆರಿಗೆ 12.48 ಲಕ್ಷ, ಎರಡನೆಯದರಲ್ಲಿ 11.25 ಲಕ್ಷ. ಅದೇ 2001ರ ಬೆಲೆ 15 ಲಕ್ಷ ಅಂತಾದರೆ ಮೊದಲನೆಯದು 8.72 ಲಕ್ಷ, ಎರಡನೆಯದು 10.62 ಲಕ್ಷ, ಪೂರ್ತಿ ಉಲ್ಟಾ. ಸೆಸ್ ಬೇರೆ. ಅಂದರೆ ಇಪ್ಪತ್ತೈದು ವರ್ಷ ಹಿಂದಿನ ಒಂದು ಅಂಕಿಯನ್ನು ಕಾಗದ ಸಮೇತ ಹಿಡಿದವರು ಲಕ್ಷಗಟ್ಟಲೆ ಉಳಿಸುತ್ತಾರೆ, ಹಿಡಿಯದವರು ಕಳೆದುಕೊಳ್ಳುತ್ತಾರೆ. ತಮಾಷೆ ಏನಪ್ಪಾ ಅಂದರೆ, ಅದೇ ಮನೆಯಲ್ಲಿ ಪಾಲಿರುವ ಅಮೆರಿಕದ ತಂಗಿಗೆ ಈ ಆಯ್ಕೆಯೇ ಇಲ್ಲ, ಅವಳಿಗೆ ಶೇ 12.5 ಮಾತ್ರ.

ಇಂಗ್ಲೆಂಡಿನಲ್ಲಿರುವ ನನ್ನ ನೆಂಟರೊಬ್ಬರು ಅಲ್ಲಿ ಇದೇ ಕೆಲಸ ಮಾಡಿದರು. ಅಲ್ಲಿ ತೆರಿಗೆ ಇದೆ, ಸಣ್ಣದಲ್ಲ. 3.25 ಲಕ್ಷ ಪೌಂಡ್ ದಾಟಿದ್ದಕ್ಕೆ ಶೇ 40. ಮನೆ ಮಕ್ಕಳಿಗೆ ಹೋದರೆ ಇನ್ನೊಂದು 1.75 ಲಕ್ಷದವರೆಗೆ ರಿಯಾಯಿತಿ, ಗಂಡ ಹೆಂಡತಿ ನಡುವೆ ಸಾಮಾನ್ಯವಾಗಿ ತೆರಿಗೆ ಇಲ್ಲ. ತೀರಿಕೊಂಡ ತಿಂಗಳು ಮುಗಿದು ಆರು ತಿಂಗಳೊಳಗೆ ಕಟ್ಟದಿದ್ದರೆ ಬಡ್ಡಿ ಬೀಳುತ್ತದೆ, ಮತ್ತು ಕಟ್ಟಬೇಕಾದ್ದನ್ನು ಕಟ್ಟೋಕೆ ಶುರುಮಾಡದೆ ಪ್ರೊಬೇಟ್ ಕೈಗೆ ಬರೋಲ್ಲ, ಪ್ರೊಬೇಟ್ ಇಲ್ಲದೆ ಮನೆ ಮಾರೋಕಾಗೋಲ್ಲ. ತೀರಿಕೊಂಡವರ ಬ್ಯಾಂಕ್ ಖಾತೆಯಿಂದಲೇ ನೇರವಾಗಿ ತೆರಿಗೆ ಇಲಾಖೆಗೆ ಹಣ ಕಳಿಸುವ ಒಂದು ವ್ಯವಸ್ಥೆ ಇದೆ, ಅದಕ್ಕೂ ಫಾರಂ. ಕೇಳಿದಾಗ ನನಗೆ ಅಯ್ಯೋ ಅನ್ನಿಸಿತು. ಆದರೆ ಅವರಿಗೆ ಯಾವ ಫಾರಂ, ಯಾವ ಗಡುವು, ಯಾರಿಗೆ ಕಳಿಸಬೇಕು ಅನ್ನೋದು ಒಂದೇ ಸರ್ಕಾರಿ ವೆಬ್‌ಸೈಟಿನಲ್ಲಿ ಸಿಕ್ಕಿತು. ನಮಗೆ ಮರಣ ಪ್ರಮಾಣಪತ್ರ ಒಂದು ಕಡೆ, ವಂಶವೃಕ್ಷ ನಾಡಕಚೇರಿಯಲ್ಲಿ, ಮನೆಯ ಖಾತೆ ವರ್ಗಾವಣೆ ಪಾಲಿಕೆಯಲ್ಲಿ (ಈಗ ಗ್ರೇಟರ್ ಬೆಂಗಳೂರು ಬಂದ ಮೇಲೆ ನಿಮ್ಮದು ಐದರಲ್ಲಿ ಯಾವ ಪಾಲಿಕೆ ಅಂತ ಮೊದಲು ನೋಡಿಕೊಳ್ಳಬೇಕು), ತೆರಿಗೆ ಇನ್ನೊಂದು ಕಡೆ. ಒಬ್ಬರು ಹೇಳೋದು ಇನ್ನೊಬ್ಬರಿಗೆ ಗೊತ್ತಿರೋಲ್ಲ. ತೆರಿಗೆ ಇಲ್ಲ ಅನ್ನೋದೇ ಇಲ್ಲಿ ಎಲ್ಲರಿಗೂ ಸುಮ್ನಿರೋಕೆ ನೆಪ ಆಗಿದೆ.

ನಾನು ಹೊಸ ತೆರಿಗೆ ಹಾಕಿ ಅಂತ ಕೇಳುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಕೇಳುವುದು ಇಷ್ಟು. ಮರಣ ಪ್ರಮಾಣಪತ್ರ ಕೊಡುವಾಗಲೇ, ಮುಂದೆ ಏನೇನು, ಯಾವುದಾದ ಮೇಲೆ ಯಾವುದು ಅಂತ ಕನ್ನಡದಲ್ಲಿ ಅಚ್ಚು ಹಾಕಿದ ಒಂದು ಹಾಳೆ ಜೊತೆಗಿಡಲಿ. ಆದಾಯ ತೆರಿಗೆ ಇಲಾಖೆಯ ಬೆಂಗಳೂರು ಕಚೇರಿ ವಾರಕ್ಕೊಂದು ದಿನವಾದರೂ ವಾರಸುದಾರರ ಪ್ರಶ್ನೆಗೆಂದೇ ಒಂದು ಮೇಜು ಹಾಕಲಿ. ನಿಮ್ಮ ಪತ್ರಿಕೆಯೂ ಜುಲೈ 31ರ ರಿಟರ್ನ್ ಗಡುವಿನ ಹೊತ್ತಿಗೆ ಸಂಬಳದಾರರಿಗೆ ಪುಟಗಟ್ಟಲೆ ಸಲಹೆ ಹಾಕುತ್ತೀರಲ್ಲ, ಅದರಲ್ಲಿ ಕಾಲು ಪುಟ ಈ ವಿಷಯಕ್ಕೆ ಬಿಟ್ಟುಕೊಡಿ, ಒಬ್ಬ ಲೆಕ್ಕಪರಿಶೋಧಕರಿಂದ ಬರೆಸಿ.

– ಓದುಗ, ವಿಜಯನಗರ, ಬೆಂಗಳೂರು