ಕಾರು ತಗ್ಗಿಸುವ ಹುಡುಗರಿಗೂ ಸಾರಿಗೆ ಇಲಾಖೆಗೂ

ಸಂಪಾದಕರಿಗೆ,

ಮಾನ್ಯರೇ,

ಭಾನುವಾರ ಬೆಳಿಗ್ಗೆ ಮನೆ ಮುಂದೆ ಜಾಕಿ ಕೊಟ್ಟು ನಿಲ್ಲಿಸಿದ ಒಂದು ಸ್ವಿಫ್ಟೋ ಪೋಲೊವೋ, ಅದರ ಸುತ್ತ ಕೈಯೆಲ್ಲ ಗ್ರೀಸು ಮಾಡಿಕೊಂಡ ಮೂರ್ನಾಲ್ಕು ಹುಡುಗರು. ನಮ್ಮ ನಗರಗಳ ಬಡಾವಣೆಗಳಲ್ಲಿ ಇದು ಈಗ ಅಪರೂಪದ ನೋಟವಲ್ಲ. ‘ಗಾಡಿ ಡೌನ್ ಮಾಡೋದು’ ಎಂದು ಅವರು ಹೇಳುವ, ಸ್ಪ್ರಿಂಗ್ ಬದಲಿಸಿ ಕಾರನ್ನು ನೆಲಕ್ಕೆ ಹತ್ತಿರ ಇಳಿಸುವ ಈ ಕೆಲಸವನ್ನು ಬೈಯಲು ಈ ಪತ್ರ ಬರೆಯುತ್ತಿಲ್ಲ. ಪಾನಾ ಹಿಡಿದು ಅಭ್ಯಾಸವಿರುವ ಮೂವರು, ಸರಿಯಾದ ಸಾಮಾನು ಇಟ್ಟುಕೊಂಡರೆ, ಒಂದು ಹಗಲಿನಲ್ಲಿ ಮುಗಿಯುವ ಕೆಲಸ ಅದು. ತಕರಾರು ಬೇರೆ ಇದೆ. ಆ ಕಾರಿಗೆಂದೇ ತಯಾರಾದ ಗಿಡ್ಡ ಸ್ಪ್ರಿಂಗ್ ಕೊಂಡು ಹಾಕುವವನನ್ನೂ, ಇರುವ ಸ್ಪ್ರಿಂಗನ್ನೇ ಗ್ರೈಂಡರ್‌ನಲ್ಲಿ ಒಂದು ಸುತ್ತು ಕೊಯ್ದು ಹಾಕುವವನನ್ನೂ ನಾವು ಒಂದೇ ಕಣ್ಣಿನಿಂದ ನೋಡುತ್ತೇವೆ. ಎರಡೂ ‘ಆಲ್ಟರೇಷನ್’, ಎರಡಕ್ಕೂ ಒಂದೇ ದಂಡ. ಹಾಗಿರುವಾಗ ಖರ್ಚಿಲ್ಲದ ದಾರಿಯನ್ನೇ ಹುಡುಗರು ಹಿಡಿದರೆ ಆಶ್ಚರ್ಯವೇನು?

ಕೊಯ್ದರೆ ಆಗುವುದೇನು ಎಂಬುದಕ್ಕೆ ಒಂದು ಲೆಕ್ಕ ನೋಡಿ. ಮುಂಭಾಗದ ಸ್ಪ್ರಿಂಗಿಗೆ ಆರು ಸುತ್ತು, ಬಿಡಿಯಾಗಿ ಇಟ್ಟಾಗ ಉದ್ದ 360 ಮಿ.ಮೀ., ಒಂದು ಮಿ.ಮೀ. ಅದುಮಲು 20 ನ್ಯೂಟನ್ ಬಲ ಬೇಕು ಎಂದಿಟ್ಟುಕೊಳ್ಳಿ. 275 ಕೆ.ಜಿ. ಭಾರ ಕೂತರೆ ಅದು ಸುಮಾರು 135 ಮಿ.ಮೀ. ಕುಗ್ಗಿ 225ಕ್ಕೆ ನಿಲ್ಲುತ್ತದೆ. ಅಂದರೆ ಒಂದೊಂದು ಸುತ್ತಿನ ಪಾಲು 37 ಮಿ.ಮೀ. ಚಿಲ್ಲರೆ. ಒಂದು ಸುತ್ತು ಕೊಯ್ದರೆ ಕಾರು ಇಳಿಯುವುದು ಆ 37 ಮಾತ್ರ; ಆದರೆ ಸ್ಪ್ರಿಂಗಿನ ಬಿಡಿ ಉದ್ದ 60 ಮಿ.ಮೀ. ಕಡಿಮೆಯಾಗಿ 300ಕ್ಕೆ ಬರುತ್ತದೆ. ಚಕ್ರ ಗುಂಡಿಗೆ ಇಳಿದು ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡನ್ನೂ ಹೊತ್ತ ಕಂಬ) ಪೂರ್ತಿ ಚಾಚಿದಾಗ ಸ್ಪ್ರಿಂಗ್ ಕೂರುವ ಮೇಲಿನ ಮತ್ತು ಕೆಳಗಿನ ಬಟ್ಟಲುಗಳ ನಡುವೆ 310 ಮಿ.ಮೀ. ಜಾಗವಿದ್ದರೆ, ಸ್ಪ್ರಿಂಗ್ 10 ಮಿ.ಮೀ. ಸಡಿಲವಾಗಿ ಅಲ್ಲಾಡುತ್ತದೆ. ಮತ್ತೆ ಭಾರ ಬಿದ್ದಾಗ ಅದು ತನ್ನ ಜಾಗದಲ್ಲೇ ಕೂರುತ್ತದೆಂಬ ಖಾತ್ರಿಯಿಲ್ಲ. ಹಂಪ್ ಇಳಿದ ಮೇಲೆ ಕೇಳುವ ‘ಟಣ್’ ಸದ್ದು ಇದರದೇ. ಸಾಲದ್ದಕ್ಕೆ ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಬಿಗಿ. ಆರರಲ್ಲಿ ಒಂದು ಹೋದರೆ ಬಿಗಿ ಶೇ 20 ಹೆಚ್ಚು. ಬಟ್ಟಲಿನ ಮೆಟ್ಟಿಲಿಗೆ ಒಪ್ಪುವಂತೆ ಬಾಗಿಸಿದ ತುದಿಯೂ ಹೋಗಿ, ಕೊಯ್ದ ಚೂಪು ಅಂಚು ಬಟ್ಟಲನ್ನು ಕೊರೆಯತೊಡಗುತ್ತದೆ. ಗ್ಯಾಸ್ ಹಚ್ಚಿ ಕಾಯಿಸಿ ‘ಕೂರಿಸುವುದು’ ಇದಕ್ಕಿಂತ ಕೆಟ್ಟದ್ದು. ಹದ ಕೊಟ್ಟ ಉಕ್ಕಿನ ಹದವೇ ಹೋಗಿಬಿಡುತ್ತದೆ; ಅದು ದಿನೇ ದಿನೇ ಕುಸಿಯಬಹುದು, ಇಲ್ಲವೇ ಒಂದು ದಿನ ಮುರಿಯಬಹುದು.

ಐಬಾಕ್, ಎಚ್ ಆ್ಯಂಡ್ ಆರ್‌ನಂಥ ಕಂಪನಿಗಳು ಮಾಡುವ ಸ್ಪ್ರಿಂಗು ಬೇರೆಯಾಗುವುದು ಇಲ್ಲೇ. ಗಿಡ್ಡವಾದರೂ, ಚಕ್ರ ಪೂರ್ತಿ ತೂಗಿದಾಗಲೂ ಬಟ್ಟಲಿನಲ್ಲಿ ಬಿಗಿಯಾಗಿಯೇ ಇರುವಂತೆ ಅದರ ಉದ್ದ ಲೆಕ್ಕ ಹಾಕಿರುತ್ತಾರೆ. ಹಲವದರಲ್ಲಿ ಒಂದು ಕಡೆಯ ಸುತ್ತುಗಳು ಒತ್ತೊತ್ತಾಗಿರುವುದು ಇದಕ್ಕಾಗಿಯೇ. ಕೊಳ್ಳುವಾಗ ಕಾರಿನ ಮಾದರಿ, ವರ್ಷ, ಎಂಜಿನ್ ಮೂರನ್ನೂ ಹೇಳಬೇಕು. ಡೀಸೆಲ್ ಎಂಜಿನ್ ಭಾರ. ಪೆಟ್ರೋಲ್ ಕಾರಿನ ಸ್ಪ್ರಿಂಗ್ ಅದಕ್ಕೆ ಹಾಕಿದರೆ ಮೂತಿ ನೆಲಕ್ಕೆ ಬಾಗುತ್ತದೆ. 25ರಿಂದ 35 ಮಿ.ಮೀ. ಇಳಿಸುವ ಸೆಟ್ಟು ಸಾಕು. ನಮ್ಮ ರಸ್ತೆಗೆ ಅದೇ ಹೆಚ್ಚಾಯಿತು. ಸ್ಪ್ರಿಂಗ್ ಶೇ 30 ಬಿಗಿಯಾದರೆ ಅದನ್ನು ಅದೇ ಮಟ್ಟಿಗೆ ತಡೆಯಲು ಶಾಕ್ ಅಬ್ಸಾರ್ಬರ್ ಸುಮಾರು ಶೇ 14 ಹೆಚ್ಚು ದುಡಿಯಬೇಕು. ಹೊಸ ಶಾಕ್ ಹೇಗೋ ತಾಳಿಕೊಳ್ಳುತ್ತದೆ. ಎಣ್ಣೆ ಒಸರುತ್ತಿರುವ ಹಳೆಯದರ ಮೇಲೆ ಹೊಸ ಸ್ಪ್ರಿಂಗ್ ಹಾಕುವುದು ದುಡ್ಡು ದಂಡ. ಬಿಚ್ಚುವ ಕೆಲಸ ಒಂದೇ ಆದ್ದರಿಂದ ಎರಡನ್ನೂ ಒಟ್ಟಿಗೆ ಬದಲಿಸಬೇಕು.

ಇನ್ನು ಮನೆಯಲ್ಲಿ ಮಾಡುವ ಬಗೆ. ಮೊದಲು ಸಮನೆಲದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರ ಅಳೆದು ಬರೆದಿಡಿ. ಎಷ್ಟು ಇಳಿಯಿತು, ಒಂದು ಬದಿ ಓರೆಯಾಯಿತೇ ಎಂಬುದು ಆಮೇಲೆ ಇದರಿಂದಲೇ ತಿಳಿಯುವುದು. ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಕಾಲು ಸುತ್ತು ಸಡಿಲಿಸಿ, ಆಮೇಲೆ ಎತ್ತಿ. ಡಿಕ್ಕಿಯಲ್ಲಿ ಬರುವ ಜಾಕಿ ಪಂಕ್ಚರ್‌ಗೆ ಮಾತ್ರ. ಎರಡು ಟನ್ನಿನ ಟ್ರಾಲಿ ಜಾಕ್, ಎರಡು ಜಾಕ್ ಸ್ಟ್ಯಾಂಡ್ ಇಲ್ಲದಿದ್ದರೆ ಕೆಲಸ ಆರಂಭಿಸಲೇಬೇಡಿ. ಹಾಲೋ ಬ್ಲಾಕ್, ಇಟ್ಟಿಗೆ ಕೊಡುವುದು ಆತ್ಮಹತ್ಯೆಗೆ ಸಮ. ಅವು ಮುನ್ಸೂಚನೆಯಿಲ್ಲದೆ ಒಮ್ಮೆಲೇ ಪುಡಿಯಾಗುತ್ತವೆ. ಬಿಚ್ಚಿದ ಚಕ್ರವನ್ನು ಬಾಡಿಯ ಅಂಚಿನ ಕೆಳಗೆ ಮಲಗಿಸಿಡಿ. ಸ್ಟ್ಯಾಂಡ್ ಜಾರಿದರೂ ಕಾರು ಅದರ ಮೇಲೆ ನಿಲ್ಲುತ್ತದೆ.

ಮುಂಚಕ್ರ ತೆಗೆದ ಮೇಲೆ ಬ್ರೇಕ್ ಹೋಸಿನ ಕ್ಲಿಪ್ಪು, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ವೈರು, ಲಿಂಕ್ ರಾಡ್ ಬಿಡಿಸಬೇಕು. ಸ್ಟ್ರಟ್ಟನ್ನು ನಕಲ್‌ಗೆ, ಅಂದರೆ ಚಕ್ರ ಕೂರುವ ಗಟ್ಟಿ ಲೋಹದ ಭಾಗಕ್ಕೆ, ಹಿಡಿದಿರುವ ಎರಡು ಬೋಲ್ಟುಗಳ ತಲೆ ಎಲ್ಲಿ ಕೂತಿದೆ ಎಂಬುದಕ್ಕೆ ಬಿಚ್ಚುವ ಮೊದಲೇ ಬಣ್ಣದ ಗುರುತು ಹಾಕಿ. ಅಲ್ಲಿನ ಚೂರು ಆಟವೂ ಚಕ್ರದ ಓರೆಯನ್ನು ಬದಲಿಸುತ್ತದೆ. ಪೋಲೊದಲ್ಲಿ ಈ ಜೋಡಿ ಬೋಲ್ಟಿಲ್ಲ, ನಕಲ್ಲೇ ಸ್ಟ್ರಟ್ಟನ್ನು ಕಚ್ಚಿ ಹಿಡಿದಿರುತ್ತದೆ. ಸೀಳನ್ನು ಅಗಲಿಸುವ ಸ್ಪ್ರೆಡರ್ ಇಲ್ಲದೆ ಸುತ್ತಿಗೆಯಲ್ಲಿ ಬಡಿದರೆ ನಕಲ್ ಹಾಳಾಗುತ್ತದೆ. ನಕಲ್ಲನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್ ಕೆಳಗೆ ಜಾಕಿ ಕೊಟ್ಟಿರಲಿ. ನಕಲ್ ಹೊರಕ್ಕೆ ವಾಲಿದರೆ ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಒಳಗಿನ ಜಾಯಿಂಟಿನಿಂದ ಕಳಚಿಕೊಳ್ಳಬಹುದು. ಬ್ರೇಕ್ ಹೋಸಿಗೆ ಭಾರ ಬಿದ್ದರೆ ಅದು ಒಳಗೇ ಹರಿದು, ಹೊರಗೆ ಏನೂ ಆಗದಂತೆ ಕಾಣುತ್ತದೆ.

ಜೀವಕ್ಕೆ ಅಪಾಯ ಇರುವುದು ಮುಂದಿನ ಇಪ್ಪತ್ತು ನಿಮಿಷದಲ್ಲಿ. ಸ್ಟ್ರಟ್ಟಿನ ತಲೆಯ ನಡುವಿನ ದೊಡ್ಡ ನಟ್ಟು ಅದುಮಿಟ್ಟ ಸ್ಪ್ರಿಂಗನ್ನು ಹಿಡಿದಿದೆ. ಸುತ್ತಲಿನ ಸಣ್ಣ ನಟ್ಟುಗಳಂತೆ ಅದನ್ನೂ ಬಿಚ್ಚಿಬಿಟ್ಟರೆ ತಲೆಯ ಮೌಂಟು ಗುಂಡಿನಂತೆ ಹಾರುತ್ತದೆ. ಮೇಲೆ ಹೇಳಿದ ಸ್ಪ್ರಿಂಗನ್ನು 150 ಮಿ.ಮೀ. ಅದುಮಿದರೆ ಅದರಲ್ಲಿ ಅಡಗುವ ಶಕ್ತಿ 225 ಜೂಲ್. 25 ಕೆ.ಜಿ. ಅಕ್ಕಿ ಮೂಟೆ ಸೊಂಟದೆತ್ತರದಿಂದ ಬಿದ್ದಷ್ಟು ಪೆಟ್ಟು. ಮೂಟೆ ಕಾಲ ಮೇಲೆ ಬೀಳುತ್ತದೆ, ಇದು ಮುಖಕ್ಕೆ ಬರುತ್ತದೆ. ಸ್ಪ್ರಿಂಗನ್ನು ಅದುಮಿ ಹಿಡಿಯುವ ಕಂಪ್ರೆಸರ್ ಎರಡನ್ನೂ ಎದುರುಬದುರಾಗಿ ಹಾಕಿ, ಥ್ರೆಡ್ಡಿಗೆ ಗ್ರೀಸು ಸವರಿ, ಅತ್ತ ನಾಲ್ಕು ಸುತ್ತು ಇತ್ತ ನಾಲ್ಕು ಸುತ್ತು ಎಂದು ಕೈಯಿಂದಲೇ ಬಿಗಿಯಬೇಕು. ಗಾಳಿ ಗನ್ ಬೇಡ. ಅದು ಥ್ರೆಡ್ಡನ್ನು ಸುಟ್ಟು ಹಾಕುತ್ತದೆ. ಸ್ಪ್ರಿಂಗ್ ಬಟ್ಟಲಿನಲ್ಲಿ ಕೈಯಿಂದ ತಿರುಗುವಷ್ಟು ಸಡಿಲವಾದ ಮೇಲೆಯೇ ನಡುವಿನ ನಟ್ಟಿಗೆ ಕೈ ಹಾಕುವುದು. ಸ್ಟ್ರಟ್ಟಿನ ಎರಡೂ ತುದಿಯ ಎದುರು ಯಾರೂ ಇರಬಾರದು. ಹುಕ್ಕಿನ ಹಲ್ಲು ಸವೆದ, ಅಡ್ಡಪಿನ್ನು ಇಲ್ಲದ ಅಗ್ಗದ ಕಂಪ್ರೆಸರ್ ಕಂಡರೆ ಮುಟ್ಟಬೇಡಿ. ನಿಜ ಹೇಳಬೇಕೆಂದರೆ ಇದೊಂದು ಹಂತಕ್ಕೆ ಸ್ಟ್ರಟ್ಟುಗಳನ್ನು ಚೀಲದಲ್ಲಿ ಹಾಕಿಕೊಂಡು ಸ್ಪ್ರಿಂಗ್ ಅದುಮುವ ಪ್ರೆಸ್ ಇರುವ ಗ್ಯಾರೇಜಿಗೆ ಹೋಗಿ ಸ್ಪ್ರಿಂಗ್ ಬದಲಿಸಿಕೊಂಡು ಬರುವುದೇ ಜಾಣತನ. ಅದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಪಿಸ್ಟನ್ ರಾಡ್ ತಿರುಗದಂತೆ ಅಲನ್ ಕೀಯಿಂದ ಹಿಡಿಯಿರಿ, ಪ್ಲೈಯರ್‌ನಿಂದಲ್ಲ. ರಾಡಿನ ಹೊಳಪಿನ ಮೇಲೆ ಒಂದು ಗೀರು ಬಿದ್ದರೆ ಸೀಲು ಹರಿದು ತಿಂಗಳೊಪ್ಪತ್ತಿನಲ್ಲಿ ಎಣ್ಣೆ ಸೋರುತ್ತದೆ. ತಲೆಯ ಬೇರಿಂಗ್ ಕರಕರ ಎನ್ನುತ್ತಿದ್ದರೆ ಈಗಲೇ ಬದಲಿಸಿ. ಹೊಸ ಸ್ಪ್ರಿಂಗ್ ಹಾಕುವಾಗ ಅದರ ಮೇಲಿನ ಬರಹ ನೇರವಾಗಿ ಓದಲು ಬರಬೇಕು. ಕೆಳತುದಿ ಬಟ್ಟಲಿನ ಮೆಟ್ಟಿಲಿಗೆ ತಾಗಿ ನಿಲ್ಲಬೇಕು. ಸ್ಟ್ರಟ್ ಪೂರ್ತಿ ಕುಗ್ಗಿದಾಗ ಪೆಟ್ಟು ತಾಳುವ ಬಂಪ್ ಸ್ಟಾಪರ್ ಕೊಯ್ಯಬೇಕೋ ಬೇಡವೋ ಎಂಬುದು ಸ್ಪ್ರಿಂಗ್ ಜತೆ ಬಂದ ಕಾಗದದಲ್ಲಿರುತ್ತದೆ. ಅದರಲ್ಲಿ ಇಲ್ಲವೆಂದರೆ ಕೊಯ್ಯಬೇಡಿ. ಲಾಕ್ ನಟ್ಟುಗಳು ಹೊಸವೇ ಆಗಲಿ.

ಹಿಂಚಕ್ರಗಳ ಕೆಲಸ ಇದಕ್ಕೆ ಹೋಲಿಸಿದರೆ ಮಕ್ಕಳಾಟ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಹಿಂದೆ ಎರಡೂ ಚಕ್ರಗಳನ್ನು ಜೋಡಿಸುವ ಅಡ್ಡತೊಲೆ, ಟಾರ್ಷನ್ ಬೀಮ್. ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಬೀಮ್‌ಗೆ ಜಾಕಿ ಕೊಟ್ಟು, ಎರಡೂ ಶಾಕಿನ ಕೆಳಬೋಲ್ಟು ಬಿಚ್ಚಿ, ಮೆಲ್ಲಗೆ ಇಳಿಸಿದರೆ ಸ್ಪ್ರಿಂಗ್ ಕೈಗೆ ಬರುತ್ತದೆ. ಬ್ರೇಕ್ ಹೋಸು, ಹ್ಯಾಂಡ್ ಬ್ರೇಕ್ ಕೇಬಲ್ ಎಳೆಯದಂತೆ ಒಬ್ಬರು ನೋಡಿಕೊಳ್ಳಬೇಕು. ಮೇಲೆ ಕೆಳಗೆ ಇರುವ ರಬ್ಬರ್ ಬಟ್ಟಲು ಮರೆತರೆ ಮರುದಿನವೇ ಸದ್ದು ಶುರು. ಎಬಿಎಸ್ ಇಲ್ಲದ ಕೆಲವು ಹಳೆಯ ಕಾರುಗಳಲ್ಲಿ ಹಿಂದಿನ ಆಕ್ಸಲ್‌ಗೆ ಒಂದು ಕಡ್ಡಿ ಜೋಡಿಸಿದ ಬ್ರೇಕ್ ವಾಲ್ವ್ ಇರುತ್ತದೆ. ಕಾರು ತಗ್ಗಿದರೆ ‘ಹಿಂದೆ ಲೋಡಿದೆ’ ಎಂದು ತಿಳಿದು ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಮಳೆಯಲ್ಲಿ ಬ್ರೇಕ್ ಹೊಡೆದರೆ ಹಿಂಭಾಗ ಸುತ್ತಿ ಮುಂದೆ ಬರುತ್ತದೆ. ಕಡ್ಡಿಯನ್ನು ಹೊಸ ಎತ್ತರಕ್ಕೆ ಹೊಂದಿಸದೆ ಆ ಕಾರು ರಸ್ತೆಗಿಳಿಯಬಾರದು.

ರಬ್ಬರ್ ಬುಷ್ (ಬೋಲ್ಟಿನ ಸುತ್ತಲಿನ ರಬ್ಬರ್ ಬಳೆ) ಇರುವ ಬೋಲ್ಟುಗಳ ಕೊನೆಯ ಬಿಗಿತ ಚಕ್ರದ ಮೇಲೆ ಭಾರ ಬಿದ್ದಾಗಲೇ ಆಗಬೇಕು. ತೂಗುತ್ತಿರುವಾಗ ಬಿಗಿದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಪೋಲೊದ ಚಕ್ರದ ಬೋಲ್ಟಿಗೆ 120 ನ್ಯೂಟನ್ ಮೀಟರ್. ಬೇರೆ ಕಾರಿನವರು ತಮ್ಮ ಮ್ಯಾನುಯಲ್ ನೋಡಲಿ. ಬಿಗಿತ ಅಳೆಯುವ ಟಾರ್ಕ್ ರೆಂಚ್ ಇಲ್ಲದೆ ‘ಕೈ ಅಂದಾಜು’ ಎನ್ನುವವನಿಗೆ ಚಹಾ ತರುವ ಕೆಲಸ ಕೊಡಿ. ಕೆಲಸ ಮುಗಿದ ಖುಷಿಯ ಬಿರಿಯಾನಿ ಇನ್ನೂ ಆಮೇಲೆ. ಅವತ್ತೇ ಅಲೈನ್‌ಮೆಂಟ್ ಮಾಡಿಸಿ. ತಗ್ಗಿದ ಕಾರಿನಲ್ಲಿ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡಿನ ಕೋನ ಬದಲಾಗಿ ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ತಪ್ಪಿರುತ್ತದೆ, ಹಾಗೇ ಬಿಟ್ಟರೆ ಟೈರಿನ ಅಂಚು ನುಣ್ಣಗೆ ಸವೆಯುತ್ತದೆ. ನೂರು ಕಿ.ಮೀ. ಓಡಿಸಿ ಎಲ್ಲ ಬೋಲ್ಟು ಮತ್ತೊಮ್ಮೆ ನೋಡಬೇಕು.

ಕಾರಿನ ಹಿಂಭಾಗವನ್ನು ಮಾತ್ರ ತಗ್ಗಿಸಿ ‘ಕೂರಿಸುವ’ ಷೋಕಿಯವರಿಗೊಂದು ಮಾತು. ಸ್ವಿಫ್ಟಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2450 ಮಿ.ಮೀ. ಹಿಂದೆ 30 ಮಿ.ಮೀ. ಇಳಿದರೆ ಹೆಡ್‌ಲೈಟ್ ಶೇ 1.2ರಷ್ಟು ಮೇಲೆದ್ದು ನೋಡುತ್ತದೆ. ಡಿಮ್ ಬೆಳಕಿಗೆ ಕೊಟ್ಟಿರುವ ಇಳಿಜಾರೇ ಸುಮಾರು ಶೇ 1. ಎದುರು ಬರುವ ಬೈಕಿನವನ ಕಣ್ಣಿಗೆ ಬೆಳಕು ಹೊಡೆಯುವುದು ಹೀಗೆ.

ಹಂಪುಗಳ ವಿಚಾರಕ್ಕೆ ಬರೋಣ, ಇಲ್ಲಿ ತಪ್ಪು ಹುಡುಗರದಲ್ಲ. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದಂತೆ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರದ, 17 ಮೀಟರ್ ತ್ರಿಜ್ಯದ ಕಮಾನು. 2018ರಲ್ಲಿ ಬಂದ ಸ್ವಿಫ್ಟಿನ ಹೊಟ್ಟೆಯಡಿ 163 ಮಿ.ಮೀ. ಜಾಗವಿದೆ. ಇಂಥ ಹಂಪಿನ ನೆತ್ತಿ ಎರಡು ಚಕ್ರಗಳ ನಟ್ಟನಡುವೆ ಬಂದಾಗ ಅದರಲ್ಲಿ ಸುಮಾರು 44 ಮಿ.ಮೀ. ಹೋಗುತ್ತದೆ, 35 ಮಿ.ಮೀ. ತಗ್ಗಿಸಿದ ಕಾರಿಗೂ 84 ಉಳಿಯಿತು. ಬಡಾವಣೆಯವರು ಡಾಂಬರು ಸುರಿದು ಒಂದು ಮೀಟರಿನಲ್ಲಿ 15 ಸೆಂ.ಮೀ. ಎಬ್ಬಿಸಿದ ದಿಬ್ಬದಲ್ಲಿ ತಗ್ಗಿಸದ ಕಾರಿಗೇ ಉಳಿಯುವುದು 13 ಮಿ.ಮೀ. ಮನೆಮಂದಿ ಐವರು ಕೂತಿದ್ದರೆ ಅದೂ ಇಲ್ಲ.

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ವಾಹನದ ಮಾರ್ಪಾಡನ್ನು ತಡೆಯುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಜರ್ಮನಿಯಲ್ಲಿ ಸ್ಪ್ರಿಂಗ್ ತಯಾರಕರು ಯಾವ ಮಾದರಿಗೆ ಯಾವುದು ಒಪ್ಪುತ್ತದೆಂಬ ಪರೀಕ್ಷಾ ಪತ್ರ ಕೊಡುತ್ತಾರೆ. ಅದನ್ನು ಹಿಡಿದು ತಪಾಸಣೆಗೆ ಹೋಗಿ ಕಾಗದಪತ್ರದಲ್ಲಿ ನಮೂದು ಮಾಡಿಸಿಕೊಳ್ಳಬಹುದು. ನಮ್ಮಲ್ಲೂ ಪುಣೆಯ ಎಆರ್‌ಎಐಯಂಥ ವಾಹನ ಪರೀಕ್ಷಾ ಸಂಸ್ಥೆ ಇದೆ. ಪರೀಕ್ಷೆಗೊಂಡ ಸ್ಪ್ರಿಂಗಿಗೆ ಶುಲ್ಕ ಕಟ್ಟಿಸಿಕೊಂಡು, ಆರ್‌ಟಿಒದಲ್ಲಿ ಎತ್ತರ ಅಳೆದು, ಆರ್‌ಸಿಯಲ್ಲಿ ಬರೆದುಕೊಡುವ ನಿಯಮ ತರುವಂತೆ ನಮ್ಮ ಸಾರಿಗೆ ಇಲಾಖೆ ಕೇಂದ್ರಕ್ಕೆ ಬರೆಯಲಿ.

ಅದು ಬರುವ ತನಕ ಕೊಯ್ದ ಸ್ಪ್ರಿಂಗನ್ನಾದರೂ ಹುಡುಕಿ ಹಿಡಿಯಬಹುದು. ಅದಕ್ಕೆ ಯಂತ್ರವೇನೂ ಬೇಡ. ಮುಂಚಕ್ರ ನೆಲ ಬಿಡುವಂತೆ ಜಾಕಿ ಕೊಟ್ಟು ಸ್ಪ್ರಿಂಗನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಬೇಕು. ಅಲುಗಿದರೆ ಸಂಶಯಪಡಬೇಕು. ಕೊಯ್ದದ್ದಾದರೆ, ಟಾರ್ಚ್ ಬೆಳಕು ಹಾಯಿಸಿ ತುದಿ ನೋಡಿದಾಗ ಗ್ರೈಂಡರ್ ಗೀರು, ಬಣ್ಣವಿಲ್ಲದೆ ತುಕ್ಕು ಹಿಡಿದ ಚಪ್ಪಟೆ ಮುಖ ಕಾಣುತ್ತದೆ. ತಪಾಸಣೆ ಮಾಡುವ ಸಿಬ್ಬಂದಿಗೆ ಇದನ್ನು ಕಲಿಸಲು ಅರ್ಧ ದಿನ ಸಾಕು.

ಇತಿ,
ವಾಹನ ದುರಸ್ತಿ ಬಲ್ಲ ಓದುಗರು,
ಮೈಸೂರು