ಪ್ಲಾಸ್ಟರ್ ಹಾಕಿಸಿಕೊಂಡವರಿಗೆ ಮಾತ್ರೆ ಚೀಟಿಯೊಂದೇ ಸಾಲದು

ಮಾನ್ಯ ಸಂಪಾದಕರೇ,

ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡು ಊರಿಗೆ ಮರಳುವವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಮಾತ್ರೆ ಚೀಟಿ, ಎಕ್ಸ್‌ರೇ ಮತ್ತು ‘ಒಂದೂವರೆ ತಿಂಗಳು ಆರಾಮ ತಗೊಳ್ರಿ’ ಎಂಬ ಮಾತು. ಆರಾಮವೆಂದರೆ ಅಲ್ಲಾಡದೆ ಮಲಗುವುದು ಎಂದೇ ಮನೆಯವರು ತಿಳಿಯುತ್ತಾರೆ. ಕತ್ತಲ ಒಳಕೋಣೆಯಲ್ಲಿ ಮಂಚ ಹಾಕಿ, ಪ್ರೀತಿಯಿಂದಲೇ ಎಲ್ಲವನ್ನೂ ಕೈಗೆ ತಂದುಕೊಡುತ್ತಾರೆ. ಎರಡು ವಾರದೊಳಗೆ ತೊಡೆಯ ಸ್ನಾಯು ಸೊರಗುತ್ತದೆ, ಹೊಟ್ಟೆ ಕಟ್ಟುತ್ತದೆ, ಹಗಲಿಡೀ ನಿದ್ದೆ ಮಾಡಿ ರಾತ್ರಿ ಕಣ್ಣು ಮುಚ್ಚುವುದಿಲ್ಲ.

ಸುಣ್ಣದಂತಹ ಬಿಳಿ ಪ್ಲಾಸ್ಟರ್ ಪೂರ್ತಿ ಒಣಗಲು ಎರಡು–ಮೂರು ದಿನ ಬೇಕು. ಅಲ್ಲಿಯವರೆಗೆ ಅದನ್ನು ಪರಸಿ ಕಲ್ಲಿನ ಮೇಲೆ ಊರಿದರೆ ಒಳಕ್ಕೆ ತಗ್ಗು ಬಿದ್ದು, ಅದೇ ಜಾಗದಲ್ಲಿ ಚರ್ಮ ಹುಣ್ಣಾಗುತ್ತದೆ. ಈ ದಿನಗಳಲ್ಲಿ ಎರಡು ದಿಂಬಿಟ್ಟು ಪಾದವನ್ನು ಎದೆಗಿಂತ ಎತ್ತರದಲ್ಲಿಡಬೇಕು. ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ, ಮಾತ್ರೆ ನುಂಗಿದರೂ ನೋವು ಏರುತ್ತಲೇ ಹೋದರೆ ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ. ಒಳಗೆ ಒತ್ತಡ ಹೆಚ್ಚಿ ರಕ್ತ ಹರಿಯದಿದ್ದರೆ ಕೆಲವೇ ತಾಸುಗಳಲ್ಲಿ ಸ್ನಾಯು ಸಾಯುತ್ತದೆ. ಮೀನಖಂಡ ಬಾತು ನೋಯುವುದು ರಕ್ತ ಹೆಪ್ಪುಗಟ್ಟಿದ ಗುರುತಿರಬಹುದು. ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ 108ಕ್ಕೆ ಕರೆ ಮಾಡಿ.

ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಪ್ಲಾಸ್ಟರಿನೊಳಗಿನ ತುರಿಕೆ ತಡೆಯಲಾಗದ ಹಿಂಸೆ, ನಿಜ. ಆದರೂ ಸ್ಕೇಲು, ಪೊರಕೆ ಕಡ್ಡಿ ತೂರಿಸಬೇಡಿ. ಗೀರಿದ ಗಾಯ ಬೆವರಿಗೆ ಕೀವಾಗುತ್ತದೆ, ಹೊರಗಿನವರಿಗೆ ಕಾಣುವುದೂ ಇಲ್ಲ. ಪ್ಲಾಸ್ಟರಿನ ಬಾಯಿಗೆ ಫ್ಯಾನಿನ ಗಾಳಿ ತಾಗಿಸಿದರೆ, ಮೇಲಿನಿಂದ ಮೆಲ್ಲಗೆ ತಟ್ಟಿದರೆ ಎಷ್ಟೋ ಹಿತ. ಸ್ನಾನಕ್ಕೆ ಬಚ್ಚಲಲ್ಲಿ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತು, ಕಾಲಿಗೆ ಎರಡು ಕವರ್ ಕಟ್ಟಿ ಇನ್ನೊಂದು ಸ್ಟೂಲಿನ ಮೇಲೆ ಚಾಚಬೇಕು.

ಮಲಗಿದಲ್ಲೇ ಮಾಡುವ ವ್ಯಾಯಾಮವಿದೆ. ಮಂಡಿಯನ್ನು ಹಾಸಿಗೆಗೆ ಒತ್ತುವಂತೆ ತೊಡೆ ಬಿಗಿಹಿಡಿದು ಐದು ಎಣಿಸಿ ಬಿಡಿ. ಹತ್ತು ಸಲ, ದಿನಕ್ಕೆ ನಾಲ್ಕು ಹೊತ್ತು. ಮಂಡಿ ಪ್ಲಾಸ್ಟರಿನಲ್ಲಿದ್ದರೂ ಸ್ನಾಯು ಬಿಗಿಯುವುದಕ್ಕೆ ಅಡ್ಡಿಯಿಲ್ಲ. ಬೆರಳುಗಳನ್ನು ತಾಸಿಗೊಮ್ಮೆ ಆಡಿಸಿ. ಎಣ್ಣೆ ಹಚ್ಚಿ ತಿಕ್ಕಿಸುವ ನಾಟಿ ಪದ್ಧತಿ ಮಾತ್ರ ಖಂಡಿತ ಬೇಡ. ಮೊಣಕೈ ಪೆಟ್ಟಿಗೆ ಹೀಗೆ ತಿಕ್ಕಿದರೆ ಸ್ನಾಯುವಿನೊಳಗೇ ಎಲುಬು ಬೆಳೆದು ಕೀಲು ಹಿಡಿದುಬಿಡುತ್ತದೆ.

ಊರುಗೋಲಿನ ಅಳತೆ ತಪ್ಪಿದವರನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಕಂಕುಳಕ್ಕೂ ಕೋಲಿನ ತುದಿಗೂ ನಡುವೆ ಎರಡು–ಮೂರು ಬೆರಳು ಅಂತರವಿರಬೇಕು, ಭಾರ ಅಂಗೈ ಮೇಲೆ ಬೀಳಬೇಕು. ಕಂಕುಳದ ಮೇಲೆ ಜೋತುಬಿದ್ದರೆ ನರ ಜಜ್ಜಿ ಮಣಿಕಟ್ಟು ಎತ್ತಲು ಬಾರದಂತಾಗುತ್ತದೆ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಕೋಲಿನೊಂದಿಗೆ ಪೆಟ್ಟಾದ ಕಾಲು ಮೊದಲು. ಕೋಲಿನ ಬುಡದ ರಬ್ಬರ್ ಬೂಟು ಸವೆದಿದ್ದರೆ ಒದ್ದೆ ಪರಸಿಯ ಮೇಲೆ ಕೋಲು ಜಾರುವುದು ಖಚಿತ.

ಊಟದಲ್ಲಿ ಜೋಳದ ರೊಟ್ಟಿಯ ಜೊತೆ ಕಾಳಿನ ಪಲ್ಯ, ಶೇಂಗಾ, ಅಗಸಿ ಚಟ್ನಿ, ಮೊಟ್ಟೆ, ಮಜ್ಜಿಗೆ ಇರಲಿ. ಬೀಡಿ, ಗುಟ್ಕಾ ಬಿಡಲೇಬೇಕು. ಹೊಗೆ ಎಳೆಯುವವರ ಎಲುಬು ತಡವಾಗಿ ಕೂಡುತ್ತದೆ.

ಇನ್ನು ಮನಸ್ಸು. ಮಂಚವನ್ನು ಪಡಸಾಲೆಗೆ, ಕಿಟಕಿಯ ಹತ್ತಿರಕ್ಕೆ ತನ್ನಿ. ಓಣಿಯ ಮಾತು ಕಿವಿಗೆ ಬೀಳಲಿ. ಕೂತಲ್ಲೇ ಆಗುವ ಕೆಲಸವನ್ನು, ಶೇಂಗಾ ಸುಲಿಯುವುದೋ ಮಕ್ಕಳ ಪಾಠವೋ ಅಂಗಡಿ ಲೆಕ್ಕವೋ, ಹೊತ್ತು ಗೊತ್ತುಮಾಡಿ ಅವರಿಗೇ ಬಿಡಿ. ಎರಡು ವಾರ ಕಳೆದರೂ ಊಟ ಸೇರದೆ, ಯಾರ ಮಾತೂ ಬೇಡವೆನ್ನುತ್ತಿದ್ದರೆ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ಇಷ್ಟನ್ನು ದೊಡ್ಡ ಅಕ್ಷರದಲ್ಲಿ, ಚಿತ್ರ ಸಹಿತ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ, ಬಿಡುಗಡೆಯ ದಿನ ಮನೆಯವರಿಗೆ ಓದಿ ಹೇಳಿ ಕೊಡುವಂತೆ ತಾಲ್ಲೂಕು ಆಸ್ಪತ್ರೆಗಳಿಗೆ ಜಿಲ್ಲಾ ಆರೋಗ್ಯಾಧಿಕಾರಿಗಳು ಸೂಚಿಸಲಿ. ವಾಕರ್ ಮತ್ತು ಕಮೋಡ್ ಕುರ್ಚಿಗಳನ್ನು ಎರವಲು ಕೊಡುವ ವ್ಯವಸ್ಥೆಯೂ ಆಗಲಿ. ಕುಕ್ಕರುಗಾಲಲ್ಲಿ ಕೂರಲಾರದ ಎಷ್ಟೋ ಹೆಣ್ಣುಮಕ್ಕಳು ಶೌಚಕ್ಕೆ ಹೆದರಿ ನೀರು ಕುಡಿಯುವುದನ್ನೇ ಬಿಡುತ್ತಿದ್ದಾರೆ.

– ಒಬ್ಬ ಫಿಜಿಯೋಥೆರಪಿಸ್ಟ್, ಸಿಂಧನೂರು