ಎಳೆಗರುವಿಗೆ ನರ ಬಲಿತಿಲ್ಲ ಎನ್ನುವುದು ತಪ್ಪು

ಮಾನ್ಯರೆ,

ಮಿಶ್ರತಳಿ ಕರುಗಳ ಕೊಂಬು ಸುಡುವ, ಅಂದರೆ ಕೊಂಬು ಬೆಳೆಯದಂತೆ ಅದರ ಮೊಳಕೆಯನ್ನು ಕಾದ ಕಬ್ಬಿಣದಿಂದ ಸುಡುವ ವಿಷಯ ಬಂದಾಗಲೆಲ್ಲ ಶಿರಸಿ, ಸಿದ್ದಾಪುರದ ಕಡೆ ಒಂದು ಮಾತು ಕೇಳಿಬರುತ್ತದೆ: 'ಹದಿನೈದು ದಿನದೊಳಗೆ ಸುಟ್ಟುಬಿಡಿ, ನರ ಇನ್ನೂ ಬಲಿತಿರುವುದಿಲ್ಲ, ಕರುವಿಗೆ ಗೊತ್ತೇ ಆಗುವುದಿಲ್ಲ.' ಬೇಗ ಸುಡಬೇಕೆಂಬ ಸಲಹೆ ಸರಿ. ಕೊಡುವ ಕಾರಣ ಪೂರಾ ತಪ್ಪು. ಅದನ್ನು ನಂಬಿಯೇ ಎಷ್ಟೋ ಕಡೆ ಮರಗಟ್ಟಿಸುವ ಚುಚ್ಚುಮದ್ದನ್ನು ಕೈಬಿಡುತ್ತಾರೆ.

ಸುಮಾರು ಎರಡು ತಿಂಗಳವರೆಗೆ ಕೊಂಬಿನ ಮೊಳಕೆ ಚರ್ಮದಲ್ಲಷ್ಟೇ ಇರುತ್ತದೆ; ಬೆರಳಿಟ್ಟು ಒತ್ತಿದರೆ ಆಚೀಚೆ ಸರಿಯುತ್ತದೆ. ಆಮೇಲೆ ತಲೆಬುರುಡೆಗೆ ಕಚ್ಚಿಕೊಳ್ಳುತ್ತದೆ. ಬೇಗ ಸುಡುವುದು ಇದಕ್ಕಾಗಿ. ಇದು ಮೂಳೆಯ ಲೆಕ್ಕ.

ನರದ ಲೆಕ್ಕ ಗರ್ಭದಲ್ಲೇ ಶುರುವಾಗುತ್ತದೆ. ಇದನ್ನು ಹೆಚ್ಚು ವಿವರವಾಗಿ ನೋಡಿರುವುದು ಇಲಿಗಳಲ್ಲಿ. ಮುಂದೆ ಮಿದುಳು, ಬೆನ್ನುಹುರಿ ಆಗಲಿರುವ ಕೊಳವೆಯ ಅಂಚಿನಿಂದ ಕೆಲವು ಕೋಶಗಳು ಕಳಚಿಕೊಂಡು ಹೊರಟು, ಎರಡೂ ಮಗ್ಗುಲಲ್ಲಿ ಗಂಟುಗಂಟಾಗಿ ನೆಲೆಸುತ್ತವೆ. ಮುಖದ ಗಂಟಿಗೆ ತಲೆಯ ಹೊರಪದರದ ಕೋಶಗಳೂ ಬಂದು ಸೇರುತ್ತವೆ. ಕೊಂಬಿನ ನರದ ಮೂಲ ಅಲ್ಲಿದೆ. ಬೆನ್ನುಹುರಿಯ ಗಂಟುಗಳಲ್ಲಿ ಮೊದಲು ಹುಟ್ಟುವವು ದಪ್ಪ ಕೋಶಗಳು: ಸ್ಪರ್ಶವನ್ನೂ ಸ್ನಾಯುಗಳ ಸ್ಥಿತಿಯನ್ನೂ ತಿಳಿಸುವವು. ಎರಡನೇ ಅಲೆ ಹೆಚ್ಚಾಗಿ ನೋವು, ಬಿಸಿ, ತಂಪು, ತುರಿಕೆಯ ಸಣ್ಣ ಕೋಶಗಳದ್ದು. ಇಪ್ಪತ್ತು ದಿನ ಗರ್ಭದಲ್ಲಿರುವ ಸುಂಡಿಲಿಯಲ್ಲಿ ಈ ಹುಟ್ಟು ಸುಮಾರು 9ರಿಂದ 13ನೇ ದಿನದೊಳಗೆ ಬಹುಮಟ್ಟಿಗೆ ಮುಗಿದಿರುತ್ತದೆ.

ಹುಟ್ಟಿದ ನೋವಿನ ಕೋಶ ಬದುಕಿ ಉಳಿಯಲು ಚರ್ಮದಿಂದ ಒಂದು ಪ್ರೋಟೀನು ಸಿಗಬೇಕು. ಅದೇ ನರ ಬೆಳವಣಿಗೆ ಅಂಶ. ಅದರ ಶೋಧಕ್ಕೆ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೊಹೆನ್ ಅವರಿಗೆ 1986ರಲ್ಲಿ ನೊಬೆಲ್ ಬಂತು. ಕೋಶ ಅದನ್ನು ಹಿಡಿಯುವುದು ಟ್ರ್ಯಾಕ್-ಎ ಎಂಬ ಗ್ರಾಹಕದಿಂದ. ಈ ಗ್ರಾಹಕದ ಜೀನು ಕೆಟ್ಟು ಹುಟ್ಟುವ ಮನುಷ್ಯರಿಗೆ ನೋವು ತಿಳಿಯದು, ಬೆವರೂ ಬರದು.

ಹುಟ್ಟಿದ ಮೇಲೂ ಬದಲಾವಣೆ ನಡೆಯುತ್ತದೆ, ಅದು ನಿಜ. ಇಲಿಮರಿಯ ಮೊದಲ ಎರಡು-ಮೂರು ವಾರಗಳಲ್ಲಿ ಸಣ್ಣ ಕೋಶಗಳಲ್ಲಿ ಅರ್ಧದಷ್ಟು ಟ್ರ್ಯಾಕ್-ಎ ಬಿಟ್ಟು 'ರೆಟ್' ಎಂಬ ಗ್ರಾಹಕಕ್ಕೆ ಹೊರಳಿ ಬೇರೆಯೇ ಬಗೆಯಾಗುತ್ತವೆ. 'ಬಲಿತಿಲ್ಲ' ಎನ್ನುವ ಮಾತಿಗೆ ಇಷ್ಟೇ ಆಧಾರ. ಆದರೆ ಆಗಲೂ ನೋವಿನ ಸುದ್ದಿ ಒಳಗೆ ಮುಟ್ಟುತ್ತಲೇ ಇರುತ್ತದೆ. ತಡವಾಗಿ ಬಲಿಯುವುದು ಬ್ರೇಕು: ಮಿದುಳಿನಿಂದ ಬೆನ್ನುಹುರಿಗೆ ಇಳಿದು ನೋವನ್ನು ತಗ್ಗಿಸುವ ವ್ಯವಸ್ಥೆ. ಇಲಿಯಲ್ಲಿ ಅದು ಹಿಡಿತಕ್ಕೆ ಬರುವುದು ಮೂರನೇ ವಾರದ ಹೊತ್ತಿಗೆ. ಹಾಗಾಗಿ ಬೆಳೆದ ಇಲಿ ಲೆಕ್ಕಿಸದ ಸಣ್ಣ ಒತ್ತಡಕ್ಕೂ ಎಳೆಮರಿ ಕಾಲೆಳೆದುಕೊಳ್ಳುತ್ತದೆ. ಕಣ್ಣುಮುಚ್ಚಿ ಹುಟ್ಟುವ ಇಲಿಮರಿಯದೇ ಈ ಕಥೆ. ಹುಟ್ಟಿದ ಒಂದೆರಡು ಗಂಟೆಯಲ್ಲಿ ಎದ್ದುನಿಂತು ಕೆಚ್ಚಲು ಹುಡುಕುವ ಕರುವಿಗೆ ನರ ಬಲಿತಿಲ್ಲ ಎಂದರೆ ಹೇಗೆ?

ಇನ್ನು ಕೆಲಸದ ಮಾತು. ಮರಗಟ್ಟಿಸುವ ಮದ್ದು ಚುಚ್ಚುವುದು ಪಶುವೈದ್ಯರೇ, ಆದರೆ ಸಾಕುವವರಿಗೂ ಲೆಕ್ಕ ಗೊತ್ತಿರಲಿ. ಕಣ್ಣಿನ ಹೊರತುದಿಗೂ ಕೊಂಬಿನ ಮೊಳಕೆಗೂ ನಡುವೆ ಕೈಗೆ ಸಿಗುವ ಮೂಳೆಯ ಏಣಿನ ಕೆಳಗೆ ನರ ಹಾದುಹೋಗುತ್ತದೆ. ಮದ್ದು 2% ಲಿಗ್ನೊಕೇನ್, ಅಂದರೆ ಒಂದು ಮಿ.ಲೀ.ನಲ್ಲಿ 20 ಮಿ.ಗ್ರಾಂ. ಕೆ.ಜಿ.ಗೆ 5 ಮಿ.ಗ್ರಾಂ ದಾಟದಿದ್ದರೆ ಕ್ಷೇಮ, 25 ಕೆ.ಜಿ. ಕರುವಿಗೆ ಒಂದೊಂದು ಬದಿಗೆ 3 ಮಿ.ಲೀ. ಮಿತಿ ಮೀರಿದರೆ ಕರು ನಡುಗಿ ಬೀಳುತ್ತದೆ. ಪಕ್ಕದಲ್ಲೇ ರಕ್ತನಾಳವಿರುವುದರಿಂದ ಸಿರಿಂಜ್ ಹಿಂದೆಳೆದು ರಕ್ತ ಬಂತೇ ಎಂದು ನೋಡಿಯೇ ಮದ್ದು ಬಿಡಬೇಕು. ಸೂಜಿ ತೀರಾ ಆಳಕ್ಕೆ ಹೋಗಿ ಸ್ನಾಯುವಿನಡಿ ಮದ್ದು ಬಿದ್ದರೆ ನರಕ್ಕೆ ತಾಗುವುದಿಲ್ಲ. ಹೆಚ್ಚಾಗಿ ಕೆಡುವುದು ಮಾತ್ರ ಅವಸರದಿಂದ. ಹತ್ತು ನಿಮಿಷ ಬಿಟ್ಟು ಮೊಳಕೆಯ ಸುತ್ತ ಸೂಜಿಯಿಂದ ಚುಚ್ಚಿ ನೋಡಿ. ತಲೆ ಕೊಡವಿದರೆ ಇನ್ನೂ ಹಿಡಿದಿಲ್ಲ.

ಲಿಗ್ನೊಕೇನ್ ನಿಲ್ಲುವುದು ಒಂದೆರಡು ಗಂಟೆ. ಗಾಯ ಪೂರ್ತಿ ಮಾಯಲು ಎರಡು ತಿಂಗಳ ಹತ್ತಿರ ಬೇಕು. ಆದ್ದರಿಂದ ಕೆ.ಜಿ.ಗೆ 0.5 ಮಿ.ಗ್ರಾಂನಂತೆ ನೋವು ತಗ್ಗಿಸುವ ಮೆಲಾಕ್ಸಿಕಾಮ್ ಕೂಡ ಕೊಡಿಸಿ. ಕಬ್ಬಿಣವನ್ನು ಹತ್ತು-ಹದಿನೈದು ಸೆಕೆಂಡಿಗಿಂತ ಹೆಚ್ಚು ಒತ್ತಿದರೆ ತೆಳು ಬುರುಡೆಗೇ ಬಿಸಿ ತಾಗುತ್ತದೆ. ನಮ್ಮ ಮಳೆಗಾಲದಲ್ಲಿ ಈ ಕೆಲಸ ಬೇಡ, ಗಾಯ ಒಣಗದೆ ಹುಳ ಬೀಳುತ್ತದೆ. ಕಬ್ಬಿಣದ ಬದಲು ಮೊಳಕೆಗೆ ಉಜ್ಜುವ ಕಾಸ್ಟಿಕ್ (ಸುಡುವ ಕ್ಷಾರದ) ಕಡ್ಡಿಯಂತೂ ಮಳೆಯಲ್ಲಿ ಕರಗಿ ಕಣ್ಣಿಗಿಳಿಯುತ್ತದೆ.

ನಮ್ಮ ಸ್ಥಳೀಯ ಕುಳ್ಳ ತಳಿಯಾದ ಮಲೆನಾಡು ಗಿಡ್ಡದ ಕರು ಹತ್ತು ಕೆ.ಜಿ.ಯ ಆಸುಪಾಸು. ಅದಕ್ಕೆ ಮಿಶ್ರತಳಿಯ ಪ್ರಮಾಣ ಹಾಕಿದರೆ ಅಪಾಯ. ಬೆಟ್ಟಕ್ಕೆ ಮೇಯಲು ಹೋಗುವ ಆ ದನಕ್ಕೆ ಕೊಂಬು ಇರಲಿ, ಸುಡುವ ಗೋಜೇ ಬೇಡ.

ಇಬ್ಬರು ಪಶುವೈದ್ಯರು, ಶಿರಸಿ